ದ್ಮಿತ್ರಿ ಶೊಸ್ತಕೋವಿಚ್

ಇಪ್ಪತ್ತನೆಯ ಶತಮಾನದ ಮಹಾಸಂಗೀತಕಾರರಲ್ಲಿ ರಷ್ಯದ ದ್ಮಿತ್ರಿ ಶೊಸ್ತಕೋವಿಚ್ ಒಬ್ಬರು. ಅವರು 1906ರ ಸೆಪ್ಟೆಂಬರ್ 25ರಂದು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ತಾಯಿಯೇ ಅವರಿಗೆ ಪಿಯಾನೊ ಕಲಿಸಿದ ಮೊದಲ ಗುರು. ಹದಿಮೂರನೆಯ ವಯಸ್ಸಿನಲ್ಲಿ ಅವರು ಅಲ್ಲಿನ ಸಂಗೀತ ಮಹಾವಿದ್ಯಾಲಯವನ್ನು ಸೇರಿದರು. 1922ರಲ್ಲಿ ತಂದೆ ತೀರಿಕೊಂಡರು. ಮನೆಯನ್ನು ಬಡತನ ಕವಿಯಿತು. ತರುಣ ಶೊಸ್ತಕೋವಿಚರು ಮೂಕಚಿತ್ರಗಳಿಗೆ ಪಿಯಾನೊ ನುಡಿಸಿ ಸಂಸಾರಕ್ಕೆ ನೆರವಾದರು. 1926ರಲ್ಲಿ ಅವರ ಮೊದಲ ಸಿಂಫೊನಿಯನ್ನು ನುಡಿಸಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ವರ್ಷ. ಅವರ ಕೀರ್ತಿ ದೇಶವಿದೇಶಗಳಿಗೆ ಹಬ್ಬಿತು.

ಆದರೆ ಅಂದಿನ ಸೋವಿಯತ್ ಒಕ್ಕೂಟದಲ್ಲಿ ಸಂಗೀತವೂ ಆಳುವವರ ಇಚ್ಛೆಗೆ ಒಳಪಟ್ಟಿತ್ತು. 1936ರಲ್ಲಿ ಶೊಸ್ತಕೋವಿಚರ ಸಂಗೀತನಾಟಕವೊಂದನ್ನು ನೋಡಲು ಬಂದ ಸರ್ವಾಧಿಕಾರಿ ಸ್ಟಾಲಿನ್, ಅದು ಮುಗಿಯುವ ಮೊದಲೇ ಎದ್ದುಹೋದನು. ಎರಡೇ ದಿನಗಳಲ್ಲಿ ಪ್ರಾವ್ದಾ ಪತ್ರಿಕೆಯು ಆ ಕೃತಿಯನ್ನು ಕಟುವಾಗಿ ಖಂಡಿಸಿತು. ಪರಿಚಿತರು ಅನೇಕರು ದೂರ ಸರಿದರು. ಯಾವ ಕ್ಷಣದಲ್ಲಿ ಬಂಧನವಾಗುವುದೋ ಎಂಬ ಭಯದಲ್ಲಿ ಅವರು ದಿನಗಳನ್ನು ನೂಕಬೇಕಾಯಿತು. 1948ರಲ್ಲಿ ಮತ್ತೊಮ್ಮೆ ಖಂಡನೆಗೆ ಗುರಿಯಾಗಿ ಅಧ್ಯಾಪಕ ವೃತ್ತಿಯನ್ನೂ ಕಳೆದುಕೊಂಡರು. ಆದರೂ ಅವರು ಸ್ವರರಚನೆಯನ್ನು ಬಿಡಲಿಲ್ಲ. ಬಾಯಿಂದ ಆಡಲಾಗದುದನ್ನು ನಾದದಲ್ಲಿ ಹೇಳುವುದನ್ನು ಕಲಿತರು.

ಸ್ಟಾಲಿನ್ 1953ರಲ್ಲಿ ಮರಣ ಹೊಂದಿದನು. ಶೊಸ್ತಕೋವಿಚರ ಶಿಷ್ಯ ರಾಸ್ತ್ರೊಪೊವಿಚ್ ಆ ಹೊತ್ತಿಗೆ ಹೆಸರಾಂತ ಚೆಲ್ಲೊ ವಾದಕರಾಗಿದ್ದರು. ಚೆಲ್ಲೊ ಎಂಬುದು ಪಿಟೀಲಿನ ಬಳಗದ ದೊಡ್ಡ ತಂತಿವಾದ್ಯ. ವಾದಕನು ಕುಳಿತು, ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾನೆ. ಗುರುಗಳಿಂದ ಕೃತಿಯೊಂದನ್ನು ಪಡೆಯುವ ಹಂಬಲ ಶಿಷ್ಯನಿಗಿತ್ತು. ಎಂದಿಗೂ ಅದನ್ನು ಕೇಳದಿರುವುದೇ ಅದನ್ನು ಪಡೆಯುವ ಮಾರ್ಗವೆಂದು ಶೊಸ್ತಕೋವಿಚರ ಪತ್ನಿ ನೀನಾ ತಿಳಿಸಿದ್ದರು. ಶಿಷ್ಯನು ಮೌನವಾಗಿ ಕಾದನು. 1959ರ ಬೇಸಗೆಯಲ್ಲಿ ಚೆಲ್ಲೊ ಮತ್ತು ವಾದ್ಯವೃಂದಕ್ಕಾಗಿ ರಚಿಸಿದ ಮೊದಲ ಕನ್ಚೆರ್ಟೊ ಕೃತಿಯನ್ನು ಗುರುಗಳು ಅವನಿಗೆ ಅರ್ಪಿಸಿದರು. ನಾಲ್ಕೇ ದಿನಗಳಲ್ಲಿ ಅವನು ಅದನ್ನು ಕಂಠಪಾಠ ಮಾಡಿ ಗುರುಗಳ ಮುಂದೆ ನುಡಿಸಿದನು. ಅಕ್ಟೋಬರ್ 4ರಂದು ಲೆನಿನ್‌ಗ್ರಾಡಿನಲ್ಲಿ ಅದರ ಮೊದಲ ಕಛೇರಿ ನಡೆಯಿತು.

ನಾಲ್ಕು ಸ್ವರಗಳ ಪುಟ್ಟ ಗುಚ್ಛದಿಂದ ಕೃತಿ ಆರಂಭವಾಗುತ್ತದೆ. ಮೂರನೆಯ ಭಾಗದಲ್ಲಿ ಇಡೀ ವಾದ್ಯವೃಂದವು ಸುಮ್ಮನಾಗಿ ಚೆಲ್ಲೊ ಒಂದೇ ನುಡಿಯುತ್ತದೆ. ತನ್ನೊಡನೆ ತಾನೇ ಮಾತನಾಡುವ ಏಕಾಂಗಿಯಂತೆ ತೋರುತ್ತದೆ. ಕೊನೆಯ ಭಾಗದಲ್ಲಿ ಸ್ಟಾಲಿನ್ನನಿಗೆ ಪ್ರಿಯವಾಗಿದ್ದ ಹಾಡೊಂದರ ತುಣುಕು ಗುರುತು ಸಿಗದಂತೆ ಅಡಗಿ ಕುಳಿತಿದೆ. ಅಲ್ಲಿ ಮೊದಲಿನ ನಾಲ್ಕು ಸ್ವರಗಳು ಮತ್ತೆ ಮರಳಿ ಬರುತ್ತವೆ.

ಶೊಸ್ತಕೋವಿಚರು 1975ರ ಆಗಸ್ಟ್ 9ರಂದು ಮಾಸ್ಕೋದಲ್ಲಿ ನಿಧನರಾದರು. ಅವರನ್ನು ಬೆದರಿಸಿದ ಅಧಿಕಾರವು ಅಳಿಯಿತು. ಅವರ ಚೆಲ್ಲೊದ ದನಿಯನ್ನು ಲೋಕವು ಇಂದಿಗೂ ಆಲಿಸುತ್ತಿದೆ.