ಅಂಗಳಕ್ಕೆ ಶಾಲೆ ತಂದ ತಾರಾಬಾಯಿ ಮೋಡಕ್

ಅಂಗನವಾಡಿ ಎಂಬ ಹೆಸರು ನಮ್ಮೆಲ್ಲರ ಬಾಯಲ್ಲಿದೆ. ಅದಕ್ಕಾಗಿ ಬಾಳು ಸವೆಸಿದ ತಾರಾಬಾಯಿ ಮೋಡಕರನ್ನು ನಾವೆಷ್ಟು ಮಂದಿ ಬಲ್ಲೆವು?

1892ರಲ್ಲಿ ಮುಂಬಯಿಯಲ್ಲಿ ಜನಿಸಿದ ಅವರು ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ಮಾಂಟೆಸ್ಸರಿ ಪದ್ಧತಿಯ ಶಿಶುಶಿಕ್ಷಣಕ್ಕಾಗಿ ದುಡಿದರು. ಆದರೆ ಆ ಪದ್ಧತಿಯ ಉಪಕರಣಗಳು ದುಬಾರಿ, ಬಡಮಕ್ಕಳಿಗೆ ನಿಲುಕದವು. 1945ರಲ್ಲಿ ಆಗ ಥಾಣೆ ಜಿಲ್ಲೆಯಲ್ಲಿದ್ದ ಬೋರ್ಡಿ ಗ್ರಾಮ ಸೇರಿದ ಅವರು ಕಲ್ಲು, ಬೀಜ, ಚಿಪ್ಪು, ಎಲೆಗಳನ್ನೇ ಆಟಿಕೆಯಾಗಿಸಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಕೇರಿಯ ಅಂಗಳಕ್ಕೆ ಹೋಯಿತು, ಅಂಗನವಾಡಿಯಾಯಿತು. ಅಲ್ಲಿ ಮಕ್ಕಳನ್ನು ಮೀಯಿಸಿ, ಆಡಿಸಿ, ಹಾಡಿಸಿ ಕಲಿಸಿದರು. 1957ರಲ್ಲಿ ಕೋಸಬಾಡ ಗುಡ್ಡಕ್ಕೆ ತೆರಳಿ, ಅನುತಾಯಿ ವಾಘ್ ಅವರೊಂದಿಗೆ ವಾರ್ಲಿ ಮಕ್ಕಳ ನಡುವೆ ಕೆಲಸ ಮುಂದುವರಿಸಿದರು. ದನ ಮೇಯಿಸುವ ಮಕ್ಕಳಿಗೆ ಹುಲ್ಲುಗಾವಲೇ ಪಾಠಶಾಲೆಯಾಯಿತು.

1962ರಲ್ಲಿ ಪದ್ಮಭೂಷಣ ಪಡೆದ ಅವರು 1973ರಲ್ಲಿ ನಿಧನರಾದರು. 1975ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಶಿಶುಕೇಂದ್ರಗಳಿಗೂ ಅದೇ ಹೆಸರು ಬಂತು. ಹಣವಿಲ್ಲವೆಂದು ಮಗುವಿನ ಆಟವನ್ನು ಕಸಿಯಬಾರದೆಂಬ ಅವರ ಬಾಳಿನ ಪಾಠವನ್ನು ನಾವು ಮರೆಯದಿರೋಣ.