ಷೇರು ನಿಮ್ಮದು, ಓಟು ಯಾರದ್ದು? ಫೋರ್ಡ್ ಕಂಪನಿಯನ್ನು ಮಾರುಕಟ್ಟೆಗೆ ತಂದ ಸಿಡ್ನಿ ವೈನ್‌ಬರ್ಗ್

ಐಪಿಒ ಅಂದ್ರೆ ಗಂಟೆ ಬಾರಿಸೋ ಫೋಟೋ ಅಷ್ಟೇ ಅಲ್ಲ. ಅದಕ್ಕೂ ಮುಂಚೆ ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಒಂದು ಚೌಕಾಸಿ ನಡೆಯುತ್ತೆ: ಹಣ ಯಾರ ಜೇಬಿಗೆ, ಅಧಿಕಾರ ಯಾರ ಕೈಗೆ? ಆ ಚೌಕಾಸಿಯಲ್ಲಿ ಪಳಗಿದ್ದ ವ್ಯಕ್ತಿ ಸಿಡ್ನಿ ವೈನ್‌ಬರ್ಗ್.

1891ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಹನ್ನೊಂದು ಮಕ್ಕಳ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಓದು ಅರ್ಧಕ್ಕೇ ನಿಂತಿತು. 1907ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಸೇರಿದ್ದು ಕಸ ಗುಡಿಸುವವನ ಸಹಾಯಕನಾಗಿ. ಇಪ್ಪತ್ತು ವರ್ಷಕ್ಕೆ ಅದೇ ಸಂಸ್ಥೆಯಲ್ಲಿ ಪಾಲುದಾರ.

ಇದನ್ನು ಬರೀ ಬಡ ಹುಡುಗನ ಗೆಲುವಿನ ಕಥೆ ಅಂದುಕೊಂಡರೆ ತಪ್ಪಾಗುತ್ತೆ. 1928ರಲ್ಲಿ ಸಂಸ್ಥೆ ಶುರು ಮಾಡಿದ ಹೂಡಿಕೆ ಟ್ರಸ್ಟ್‌ನ ಷೇರು ಸಾರ್ವಜನಿಕರಿಗೆ 104 ಡಾಲರ್‌ಗೆ ಸಿಕ್ಕಿತ್ತು. ಮಹಾಕುಸಿತದ ನಂತರ ಅದರ ಬೆಲೆ 2 ಡಾಲರ್‌ಗಿಂತಲೂ ಕೆಳಗಿಳಿಯಿತು. ಜನರ ಉಳಿತಾಯದ ಜೊತೆ ಸಂಸ್ಥೆಯ ಮರ್ಯಾದೆಯೂ ಹೋಯಿತು. 1930ರಲ್ಲಿ ಚುಕ್ಕಾಣಿ ಹಿಡಿದ ವೈನ್‌ಬರ್ಗ್‌ಗೆ ಸಿಕ್ಕಿದ್ದು ಈ ಕಳಂಕ. ಅದನ್ನು ತೊಳೆಯೋಕೆ ದಶಕಗಳೇ ಬೇಕಾದವು.

ಆಮೇಲೆ ಬಂತು ಫೋರ್ಡ್. ಸ್ಥಾಪಕ ಹೆನ್ರಿ ಫೋರ್ಡ್‌ಗೆ ವಾಲ್‌ಸ್ಟ್ರೀಟ್ ಕಂಡರೆ ಆಗ್ತಿರಲಿಲ್ಲ. 1920ರ ದಶಕದಲ್ಲಿ ತನ್ನದೇ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ವಿಷ ಕಾರಿದ ಮನುಷ್ಯ. ಆತ ಸತ್ತ ಕೆಲವೇ ವರ್ಷಗಳಲ್ಲಿ ಮೊಮ್ಮಗ ಎರಡನೇ ಹೆನ್ರಿ ಫೋರ್ಡ್ ಸಲಹೆಗೆ ಹೋಗಿದ್ದು ಯಹೂದಿ ವೈನ್‌ಬರ್ಗ್ ಬಳಿಗೆ.

ಗಂಟು ಸರಳವಾಗಿರಲಿಲ್ಲ. ಪಿತ್ರಾರ್ಜಿತ ತೆರಿಗೆಯಿಂದ ಪಾರಾಗಲು ಕುಟುಂಬವು ಕಂಪನಿಯ ಸುಮಾರು 88% ಪಾಲನ್ನು ಫೋರ್ಡ್ ಫೌಂಡೇಶನ್‌ಗೆ ಕೊಟ್ಟಿತ್ತು. ಆದರೆ ಆ ಷೇರುಗಳಿಗೆ ಓಟಿನ ಹಕ್ಕೇ ಇರಲಿಲ್ಲ. ಓಟೆಲ್ಲಾ ಮನೆಯವರ ಕೈಲಿ. ಫೌಂಡೇಶನ್‌ಗೋ, ಇಡೀ ಆಸ್ತಿ ಒಂದೇ ಕಂಪನಿಯಲ್ಲಿ ಸಿಕ್ಕಿಕೊಂಡಿದೆ, ಸ್ವಲ್ಪ ಮಾರಬೇಕು. ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರವೋ, ಓಟಿಲ್ಲದ ಸಾಮಾನ್ಯ ಷೇರನ್ನು ಒಳಗೇ ಬಿಡಲ್ಲ.

ಎರಡು ವರ್ಷ ಲೆಕ್ಕ, ತೆರಿಗೆ, ಕಾನೂನು ಅಂತ ತಿದ್ದಿ ತಿದ್ದಿ ಸೂತ್ರ ಸಿದ್ಧವಾಯಿತು: ಸಾಮಾನ್ಯ ಷೇರುದಾರರಿಗೆ 60% ಓಟು, ಕುಟುಂಬದ ವಿಶೇಷ ಷೇರುಗಳಿಗೆ 40%. ಓಟು ಬಿಟ್ಟುಕೊಟ್ಟಿದ್ದಕ್ಕೆ ಕುಟುಂಬಕ್ಕೆ ಆಸ್ತಿಯಲ್ಲಿ ಸ್ವಲ್ಪ ಹೆಚ್ಚಿನ ಪಾಲು. ಗುಟ್ಟಾಗಿಟ್ಟಿದ್ದ ಲಾಭದ ಲೆಕ್ಕವನ್ನೂ ಕಂಪನಿ ಜನರ ಮುಂದೆ ಇಡಬೇಕಾಯಿತು. 1956ರ ಜನವರಿಯಲ್ಲಿ 1.02 ಕೋಟಿ ಷೇರುಗಳು ತಲಾ 64.50 ಡಾಲರ್‌ಗೆ ಮಾರಾಟವಾದವು. ಒಟ್ಟು ಸುಮಾರು 65 ಕೋಟಿ ಡಾಲರ್; ಅಲ್ಲಿಯವರೆಗಿನ ಅತಿದೊಡ್ಡ ಷೇರು ಮಾರಾಟ. ಆದರೆ ಆ ಹಣ ಕಾರ್ಖಾನೆಗೆ ಹೋಗಲಿಲ್ಲ, ಷೇರು ಮಾರಿದ ಫೌಂಡೇಶನ್‌ಗೆ ಹೋಯಿತು.

ವೈನ್‌ಬರ್ಗ್ 1969ರಲ್ಲಿ ತೀರಿಕೊಂಡರು. ಅವರು ಕಟ್ಟಿಕೊಟ್ಟ 40% ಇವತ್ತಿಗೂ ಉಳಿದಿದೆ. ಪುಟ್ಟ ಪಾಲಿನ ಷೇರಿಟ್ಟುಕೊಂಡೇ ಫೋರ್ಡ್ ಕುಟುಂಬ ಕಂಪನಿಯನ್ನು ಹಿಡಿದಿಟ್ಟಿದೆ. 2019ರಲ್ಲಿ ನಮ್ಮ ಸೆಬಿ ಕೂಡ ಟೆಕ್ ಕಂಪನಿಗಳ ಸ್ಥಾಪಕರು ಹೆಚ್ಚು ಓಟಿನ ಷೇರು ಇಟ್ಟುಕೊಂಡೇ ಮಾರುಕಟ್ಟೆಗೆ ಬರಲು ದಾರಿ ಮಾಡಿತು.

ಹಾಗಾಗಿ ಮುಂದಿನ ಸಲ ಬೆಂಗಳೂರಿನ ಯಾವುದೋ ಸ್ಟಾರ್ಟಪ್ ಐಪಿಒಗೆ ಬಂದಾಗ ಬೆಲೆ ಮಾತ್ರ ನೋಡಬೇಡಿ. ಪ್ರಾಸ್ಪೆಕ್ಟಸ್ ತೆಗೆದು ಎರಡು ವಿಷಯ ಹುಡುಕಿ: ನಿಮ್ಮ ಹಣ ಕಂಪನಿಗೆ ಹೋಗುತ್ತಾ, ಹಳೇ ಹೂಡಿಕೆದಾರರ ಜೇಬಿಗಾ? ನಿಮ್ಮ ಷೇರಿಗೆ ಎಷ್ಟು ಓಟು? ಒಬ್ಬರಿಗೆ ಒಂದೇ ಓಟು ಅನ್ನೋ ನಿಯಮ ವಿಧಾನಸಭೆ ಚುನಾವಣೆಗೆ ಇದೆ, ಕಂಪನಿಯ ಸಭೆಗೆ ಇಲ್ಲ.