ಸೊನ್ನೆ, ಒಂದು ಮತ್ತು ಮಹಾವೀರಾಚಾರ್ಯರು

ಲ್ಯಾಬ್ ಪರೀಕ್ಷೆಯ ಹಿಂದಿನ ರಾತ್ರಿ ಸ್ಟ್ಯಾಕ್ ಪ್ರೋಗ್ರಾಂ ಅನ್ನು ಪದ್ಯದಂತೆ ಬಾಯಿಪಾಠ ಮಾಡುವವರು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಾಲೇಜುಗಳಲ್ಲಿ ಕಡಿಮೆಯೇನಿಲ್ಲ. ಬಾಯಿಪಾಠ ಮಾಡಿದ್ದೇ ಬಂದರೆ ಪಾಸು. ಇಂಟರ್‌ವ್ಯೂನಲ್ಲಿ ಅದೇ ಪ್ರಶ್ನೆಯನ್ನು ತುಸು ತಿರುಗಿಸಿ ಕೇಳಿದರೆ ಮಾತೇ ಹೊರಡುವುದಿಲ್ಲ. ಆಗ ಮನಸ್ಸು ಹುಡುಕುವ ಸುಲಭದ ಸಮಾಧಾನವೆಂದರೆ, ಇದು ಇಂಗ್ಲಿಷ್ ಬಲ್ಲವರ ವಿದ್ಯೆ, ಕನ್ನಡ ಮಾಧ್ಯಮದಿಂದ ಬಂದ ನಮಗೆ ಒಗ್ಗುವುದಿಲ್ಲ ಎಂಬುದು. ಹೀಗೆ ಅಂದುಕೊಂಡವರು ಒಮ್ಮೆ ಮಹಾವೀರಾಚಾರ್ಯರ ಬದುಕನ್ನು ಓದಬೇಕು. ಅವರು ಕಂಪ್ಯೂಟರ್ ಕಂಡವರಲ್ಲ. ಆದರೆ ನಮ್ಮ ಸಿಲಬಸ್‌ನ ಕೆಲವು ಪಾಠಗಳು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅವರ ಪುಸ್ತಕದಲ್ಲಿದ್ದವು.

ಮಹಾವೀರಾಚಾರ್ಯರು 9ನೇ ಶತಮಾನದವರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ ಅದು. ಅವನು 814ರಿಂದ 878ರವರೆಗೆ ಆಳಿದ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದಲ್ಲಿ ನಮಗೆ ದೊರೆತ ಮೊದಲ ಗ್ರಂಥ ಕವಿರಾಜಮಾರ್ಗ ರಚನೆಯಾದದ್ದೂ ಇದೇ ಆಸ್ಥಾನದಲ್ಲಿ. ಮಹಾವೀರಾಚಾರ್ಯರು ಜೈನರು. ತಮ್ಮ ಗ್ರಂಥದ ಆರಂಭದಲ್ಲಿ ಜಿನನಿಗೆ ವಂದಿಸಿ, ನೃಪತುಂಗನನ್ನು ಹೊಗಳಿದ್ದಾರೆ. ತಂದೆ, ತಾಯಿ, ಊರು, ಬಿರುದು ಯಾವುದನ್ನೂ ಅವರು ಹೇಳಿಕೊಂಡಿಲ್ಲ. ಅವರು ಏನು ಮಾಡಿದರು ಎಂಬುದೇ ಅವರ ಪರಿಚಯ.

ಅವರು ಮಾಡಿದ್ದು 'ಗಣಿತಸಾರಸಂಗ್ರಹ' ಎಂಬ ಒಂದು ಪುಸ್ತಕ. ಅದಿರುವುದು ಸಂಸ್ಕೃತದಲ್ಲಿ, ಕ್ರಿ.ಶ. 850ರ ಸುಮಾರಿಗೆ ಸೇರಿದ್ದು. ಅಲ್ಲಿಯವರೆಗೆ ಆರ್ಯಭಟ, ಬ್ರಹ್ಮಗುಪ್ತರಂಥವರು ಗಣಿತವನ್ನು ಖಗೋಳಶಾಸ್ತ್ರದ ಗ್ರಂಥದೊಳಗೆ ಒಂದೆರಡು ಅಧ್ಯಾಯವಾಗಿ ಇಟ್ಟಿದ್ದರು. ಮಹಾವೀರಾಚಾರ್ಯರು ಗ್ರಹ, ನಕ್ಷತ್ರಗಳನ್ನು ಬದಿಗಿಟ್ಟು ಗಣಿತಕ್ಕೇ ಇಡೀ ಪುಸ್ತಕ ಮೀಸಲಿಟ್ಟರು. ವ್ಯಾಪಾರ, ಅಡುಗೆ, ಸಂಗೀತ, ವೈದ್ಯ, ಮನೆ ಕಟ್ಟುವುದು, ಛಂದಸ್ಸು ಎಲ್ಲದಕ್ಕೂ ಲೆಕ್ಕ ಬೇಕು ಎಂಬುದು ಅವರ ನಿಲುವು. ಹಿಂದಿನವರು ಹೇಳಿದ್ದನ್ನು ಕಲೆಹಾಕಿ, ವಿಷಯವಾರು ಜೋಡಿಸಿ, ಪ್ರತಿ ಸೂತ್ರದ ಬೆನ್ನಿಗೆ ಉದಾಹರಣೆ ಕೊಟ್ಟರು. ಒಳ್ಳೆಯ ಟೆಕ್ಸ್ಟ್ ಬುಕ್ ಬರೆಯುವವರ ಕ್ರಮವೇ ಇದು.

ಈಗ ನಮ್ಮ ಲ್ಯಾಬ್‌ಗೆ ಬರೋಣ. 2ರ 13ನೇ ಘಾತ ಕಂಡುಹಿಡಿಯಿರಿ ಎಂದರೆ ಹೊಸಬರು ಲೂಪ್ ಹಾಕಿ 2ನ್ನು ಮತ್ತೆ ಮತ್ತೆ ಗುಣಿಸುತ್ತಾರೆ. ಅದು ತಪ್ಪಲ್ಲ, ನಿಧಾನ. ಗುಣೋತ್ತರ ಶ್ರೇಢಿಯ ಲೆಕ್ಕಕ್ಕಾಗಿ ಮಹಾವೀರಾಚಾರ್ಯರು ಕೊಟ್ಟ ದಾರಿ ಬೇರೆ. ಘಾತಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಿ 'ಸೊನ್ನೆ' ಬರೆಯಬೇಕು. ಬೆಸವಾಗಿದ್ದರೆ ಒಂದು ಕಳೆದು 'ಒಂದು' ಬರೆಯಬೇಕು. ಸಂಖ್ಯೆ ಮುಗಿಯುವವರೆಗೆ ಹೀಗೇ ಮಾಡಬೇಕು.

ಪೆನ್ನು ಹಿಡಿದು ಮಾಡಿ ನೋಡಿ. 13 ಬೆಸ, ಒಂದು ಬರೆದರೆ ಉಳಿದದ್ದು 12. ಅದು ಸಮ, ಸೊನ್ನೆ ಬರೆದರೆ 6. ಮತ್ತೆ ಸೊನ್ನೆ, 3. ಬೆಸ, ಒಂದು, ಉಳಿದದ್ದು 2. ಸೊನ್ನೆ, 1. ಕೊನೆಗೆ ಒಂದು ಬರೆದರೆ ಸಂಖ್ಯೆ ಮುಗಿಯಿತು. ಇನ್ನು ಈ ಗುರುತುಗಳನ್ನು ಕೊನೆಯಿಂದ ಹಿಂದಕ್ಕೆ ಓದಬೇಕು. ಕೈಯಲ್ಲಿ 1 ಇಟ್ಟುಕೊಂಡು ಹೊರಡಿ. 'ಒಂದು' ಸಿಕ್ಕಲ್ಲಿ 2ರಿಂದ ಗುಣಿಸಿ, 'ಸೊನ್ನೆ' ಸಿಕ್ಕಲ್ಲಿ ವರ್ಗ ಮಾಡಿ. 2, 4, 8, 64, 4096, 8192. ಆರೇ ಹೆಜ್ಜೆಗೆ ಉತ್ತರ ಬಂತು. 13ರ ಬದಲು ಸಾವಿರನೇ ಘಾತ ಕೇಳಿದರೂ ಬರೆಯಬೇಕಾದ ಗುರುತು 15 ಮಾತ್ರ. ಟೈಮ್ ಕಾಂಪ್ಲೆಕ್ಸಿಟಿ ಎಂಬ ಹೆಸರು ಕೇಳಿಯೇ ಹೆದರುವವರಿಗೆ, ಅದು ಹೇಳುವುದು ಈ ವ್ಯತ್ಯಾಸವನ್ನೇ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಿ. ಗುರುತುಗಳಲ್ಲಿ ಕೊನೆಗೆ ಬರೆದದ್ದನ್ನು ಮೊದಲು ಓದಿದೆವು. ಕೊನೆಗೆ ಬಂದದ್ದು ಮೊದಲು ಹೊರಗೆ, ಸ್ಟ್ಯಾಕ್ ಎಂದರೆ ಇಷ್ಟೇ. ಪುಷ್, ಪಾಪ್ ಎಂಬ ಹೆಸರು ಹೊಸದು, ಕೆಲಸ ಹಳೆಯದು. ಈ ಉಪಾಯದ ಬೇರು ಪಿಂಗಲನ ಛಂದಃಶಾಸ್ತ್ರದಲ್ಲಿದೆ. ಲಘು, ಗುರುಗಳ ಪ್ರಸ್ತಾರ ಎಂದರೆ ಎರಡೇ ಗುರುತುಗಳಿಂದ ಆಗುವ ಎಲ್ಲ ಸಾಲುಗಳನ್ನು ಬಿಡದೆ ಬರೆಯುವುದು. ಅದರ ಸೂತ್ರಗಳನ್ನೂ ಮಹಾವೀರಾಚಾರ್ಯರು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡರು. ಬೈನರಿ ಪಟ್ಟಿ ಬರೆಯುವಾಗ ನಾವು ಮಾಡುವುದೂ ಅದನ್ನೇ.

ಅವರ ಹೆಸರು ಜಗತ್ತಿನ ಗಣಿತ ಚರಿತ್ರೆಯಲ್ಲಿ ನಿಂತಿರುವುದು ಮುಖ್ಯವಾಗಿ ಸಂಯೋಜನೆಯ ಸೂತ್ರದಿಂದ. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟವರು ಅವರು. ಮೇಲೆ ಇಳಿಯುವ ಸಂಖ್ಯೆಗಳು, ಕೆಳಗೆ 1ರಿಂದ ಏರುವ ಸಂಖ್ಯೆಗಳು, ಗುಣಿಸಿ ಭಾಗಿಸಿದರಾಯಿತು. ಗೋಕಾಕದ ಕರದಂಟಿಗೆ ಬಾದಾಮಿ, ಗೋಡಂಬಿ, ಪಿಸ್ತಾ, ಅಂಜೂರ, ಖರ್ಜೂರ ಈ ಐದರಲ್ಲಿ ಎರಡನ್ನೇ ಹಾಕುವುದಾದರೆ 5ನ್ನು 4ರಿಂದ ಗುಣಿಸಿ, 1 ಮತ್ತು 2ರ ಗುಣಲಬ್ಧದಿಂದ ಭಾಗಿಸಿ. ಹತ್ತು ಬಗೆ. ಮಹಾವೀರಾಚಾರ್ಯರ ಉದಾಹರಣೆ ಆರು ರುಚಿಗಳದ್ದು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಒಂದೊಂದಾಗಿ 6, ಎರಡೆರಡು ಸೇರಿ 15, ಮೂರು ಸೇರಿ 20, ನಾಲ್ಕು ಸೇರಿ 15, ಐದು ಸೇರಿ 6, ಆರೂ ಸೇರಿ 1. ಒಟ್ಟು 63. ಆರು ಬಿಟ್‌ಗಳಿಂದ ಸೊನ್ನೆ ಬಿಟ್ಟು ಬರುವ ಸಂಖ್ಯೆಗಳೂ ಅಷ್ಟೇ. ಆಪ್ಟಿಟ್ಯೂಡ್ ಟೆಸ್ಟ್‌ನಲ್ಲಿ ಇಂದಿಗೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಅವರು ಎಡವಿದ್ದೂ ಉಂಟು. ಋಣಸಂಖ್ಯೆ ಯಾವುದರ ವರ್ಗವೂ ಆಗಲಾರದು, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಕಂಡವರು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಬರೆದರು. ಅದು ತಪ್ಪು. ಇಂದು ಪ್ರೋಗ್ರಾಂನಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಸಾಮಾನ್ಯವಾಗಿ ಅದು ಅಲ್ಲೇ ನಿಂತುಬಿಡುತ್ತದೆ. ಇಷ್ಟು ದೊಡ್ಡವರೂ ಒಂದು ಟೆಸ್ಟ್ ಕೇಸ್‌ನಲ್ಲಿ ತಪ್ಪಿದರು. ಹಾಗಿರುವಾಗ ಮೊದಲ ಸೆಮಿಸ್ಟರ್‌ನಲ್ಲಿ ಎರರ್ ಬಂತೆಂದು ನಾವು ಕೋರ್ಸನ್ನೇ ಬಿಡುವ ಯೋಚನೆ ಮಾಡುವುದು ಯಾಕೆ?

ಇನ್ನೊಂದು ಸ್ವಾರಸ್ಯ ಕೇಳಿ. ಅದೇ 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಎಂಬ ಗಣಿತಜ್ಞನಿದ್ದ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವುದನ್ನು ಅರಬ್ಬಿಯಲ್ಲಿ ವಿವರಿಸಿದವನು ಅವನು. ಅವನ ಹೆಸರೇ ಯುರೋಪಿನಲ್ಲಿ ರೂಪ ಬದಲಿಸಿ ಆಲ್ಗಾರಿದಮ್ ಎಂಬ ಪದವಾಯಿತು. ಹೆಸರು ಆ ಕಡೆಯಿಂದ ಬಂದರೂ, ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಬರೆಯುವ ಪದ್ಧತಿ ನಮ್ಮ ನೆಲದಲ್ಲೂ ಆಗಲೇ ಗಟ್ಟಿಯಾಗಿತ್ತು.

ಮಹಾವೀರಾಚಾರ್ಯರ ನಂತರ ಪುಸ್ತಕ ಮಲಗಲಿಲ್ಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ವಲ್ಲಭ ಎಂಬಾತ ಕನ್ನಡದಲ್ಲಿ ಟೀಕೆ ಬರೆದ. 12ನೇ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲೇ ರಚಿಸಿದ. ಅವನ ಊರು ಪೂವಿನಬಾಗೆ. ಅದು ನಮ್ಮ ಪಕ್ಕದ ರಾಯಬಾಗವೇ ಎಂದು ಹೇಳುವ ವಿದ್ವಾಂಸರಿದ್ದಾರೆ. ಅಂದರೆ ಕನ್ನಡದ ಮೊದಮೊದಲ ಗಣಿತ ಪುಸ್ತಕಗಳನ್ನು ಬರೆದವನು ಬಹುಶಃ ನಮ್ಮ ಜಿಲ್ಲೆಯವನೇ! ಮುಂದೆ ಮದ್ರಾಸಿನ ಎಂ. ರಂಗಾಚಾರ್ಯರು ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ 1912ರಲ್ಲಿ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಆಗ ಹೊರದೇಶದವರಿಗೂ ಈ ಹೆಸರು ತಿಳಿಯಿತು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಗಿದೆ.

ಗೆಳೆಯರೇ, ಮಹಾವೀರಾಚಾರ್ಯರಿಗೆ ಕಂಪೈಲರ್ ಇರಲಿಲ್ಲ, ಕೀಬೋರ್ಡ್ ಇರಲಿಲ್ಲ. ಇದ್ದದ್ದು ಹೆಜ್ಜೆಗಳನ್ನು ಬಿಡಿಸಿ ಬರೆಯುವ ತಾಳ್ಮೆ. ಪ್ರೋಗ್ರಾಮಿಂಗ್ ಕಲಿಯಲು ಮೊದಲು ಬೇಕಾದದ್ದೂ ಅದೇ. ನಾಳೆ ಲ್ಯಾಬ್‌ಗೆ ಹೋಗುವ ಮುನ್ನ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. 13ರ ಬದಲು 21 ಇಟ್ಟುಕೊಂಡು ಸೊನ್ನೆ, ಒಂದುಗಳನ್ನು ಬರೆಯಿರಿ, ಹಿಂದಿನಿಂದ ಓದಿರಿ. ಲೆಕ್ಕ ಕೈಗೆ ಬಂದ ಮೇಲೆ ಅದನ್ನೇ ಸಿ ಅಥವಾ ಪೈಥಾನ್‌ನಲ್ಲಿ ಬರೆಯಿರಿ. ಅದು ನೀವೇ ಅರ್ಥ ಮಾಡಿಕೊಂಡು ಬರೆದ ಪ್ರೋಗ್ರಾಂ ಆಗಿರುತ್ತದೆ. ಇಂಟರ್‌ವ್ಯೂನಲ್ಲಿ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಅದು ಮರೆತುಹೋಗುವುದಿಲ್ಲ.